ತಾಟಿನೊಳಗಿನ ಆಲದ ಮರ

ನಾಯಿ ಸಾಕಿದವನನ್ನು ಯಾರೂ ಏನೂ ಕೇಳುವುದಿಲ್ಲ. ತಾಟಿನಲ್ಲಿ ಆಲದ ಮರ ಸಾಕಿದವನಿಗೆ ಮಾತ್ರ ದಿನಕ್ಕೊಂದು ಫಜೀತಿ. ನಾನು ಅಕ್ಕಲಕೋಟದಲ್ಲಿ ಗುಮಾಸ್ತ. ಜಪಾನಿನವರು ಕುಳ್ಳ ಮರ ಬೆಳೆಸುತ್ತಾರೆಂದು ಯಾವುದೋ ಮಾಸಿಕದಲ್ಲಿ ಓದಿ, ಕಚೇರಿ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಆಲದ ಸಸಿಯನ್ನು ಕಿತ್ತು ತಂದೆ. ಹನ್ನೊಂದು ವರ್ಷ ಬೇರು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ಅದನ್ನು ಒಂದು ಮೊಳದಲ್ಲೇ ನಿಲ್ಲಿಸಿದೆ. ಬಿಳಲೂ ಬಿಟ್ಟಿತು! ಸೊಲ್ಲಾಪುರದಲ್ಲಿ ಗಿಡಗಳ ಪ್ರದರ್ಶನವಿದೆ ಎಂದು ತಿಳಿದದ್ದೇ ತಡ, ಮೊದಲ ಬಹುಮಾನ ತರಲೇಬೇಕೆಂದು ಹಟ ಹಿಡಿದೆ. ಅಷ್ಟೂ ವರ್ಷ ನಕ್ಕ ಮನೆಯವರ ಬಾಯಿ ಮುಚ್ಚಿಸಬೇಕಿತ್ತು.

ಕುರಿಗಾರನ ಕನಿಕರ

ತಡವಳದ ಕುರಿಗಾರನೊಬ್ಬ ಕಂಬಳಿ ಮಾರಲು ನಮ್ಮ ಕಟ್ಟೆಗೆ ಬಂದ. ಗಿಡವನ್ನು ನಾಲ್ಕೂ ಕಡೆಯಿಂದ ನೋಡಿದ.

"ಇದ್ಯಾಕ್ರಿ ರಾವಸಾಹೇಬ್ರ, ಬೆಳದೇ ಇಲ್ಲ?"

"ನಾನೇ ಬೆಳಿಯಾಕ ಬಿಟ್ಟಿಲ್ಲಪಾ. ಹನ್ನೊಂದು ವರ್ಷದ ಮೆಹನತ್ತು."

"ನಮ್ಮ ಕುರಿ ಮೇಯೋ ಮಾಳಕ್ಕ ಬರ್ರಿ. ಬಾರಿಹಣ್ಣಿನ ಗಿಡ ಎಲ್ಲಾ ಹಿಂಗ ಅದಾವ. ಆಡು ದಿನಾ ಕಡದು ಕಡದು ಕುಳ್ಳ ಮಾಡ್ಯಾವ."

ಮೆಟ್ಟಿಲು ಇಳಿದವನು ಮತ್ತೆ ತಿರುಗಿ ನಿಂತ. "ನಿಮಗ್ಯಾಕ್ರಿ ಇಷ್ಟು ತ್ರಾಸ? ಎರಡು ಆಡು ಬಿಟ್ಟು ಹೋಗ್ಲೇನು?"

ಅರ್ಧ ಟಿಕೀಟು

ಪ್ರದರ್ಶನದ ದಿನ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಕಂಡಕ್ಟರ್ ಬಂದ. "ಸಾಮಾನು ಬಸ್ಸಿನ ಟಪ್ಪಿನ ಮ್ಯಾಲ ಹಾಕ್ರಿ."

"ಸಾಮಾನಲ್ಲೋ! ಹನ್ನೊಂದು ವರ್ಷ ಸಾಕೀನಿ!"

"ಹನ್ನೊಂದು ವರ್ಷದ್ದಾ? ಹಂಗಾರ ಅರ್ಧ ಟಿಕೀಟು ತಗೀರಿ."

ತೆಗೆಸಿದೆ, ಗಿಡವನ್ನು ಪಕ್ಕದಲ್ಲಿ ಕೂರಿಸಿದೆ. ಸುಮ್ಮನಿರಲಾರದೆ ಬೇರು ಕತ್ತರಿಸುವ ಕಥೆಯನ್ನೂ ಅವನಿಗೆ ಹೇಳಿದೆ. ಕುಂಭಾರಿಯಲ್ಲಿ ಬಸ್ಸು ತುಂಬಿತು. ಅಜ್ಜಿಯೊಬ್ಬಳು ನಿಂತಿದ್ದಳು. ಕಂಡಕ್ಟರ್ ನನ್ನನ್ನು ಎಬ್ಬಿಸಿದ.

"ನಂದು ಪೂರಾ ಟಿಕೀಟೈತಿ!" ಎಂದೆ.

"ಖರೆ ಐತ್ರಿ. ಆದ್ರ ನಿಮಗ ನಿಂದರಾಕ ಕಾಲಾದ್ರೂ ಅದಾವ. ಅದರ ಕಾಲು ನೀವ ಕಡದೀರಲ್ಲ?"

ಸೊಲ್ಲಾಪುರದವರೆಗೆ ನಿಂತೇ ಹೋದೆ.

ಏಳು ಜನ್ಮದ ಭಾರ

ಅಂದು ವಟಪೌರ್ಣಿಮೆ. ಹೆಂಗಸರು ಆಲದ ಮರಕ್ಕೆ ನೂಲು ಸುತ್ತಿ, ಇದೇ ಗಂಡ ಏಳು ಜನ್ಮಕ್ಕೂ ಸಿಗಲಿ ಎಂದು ಬೇಡುವ ದಿನ. ಪರೀಕ್ಷಕ ಸಾಹೇಬರು ಹೆಂಡತಿಯೊಂದಿಗೆ ಬಂದರು. ನನ್ನ ಗಿಡದ ಬಿಳಲು ನೋಡಿ "ವಾಹ್ವಾ!" ಎಂದು ಮೊದಲ ಬಹುಮಾನದ ಚೀಟಿ ಹೊರತೆಗೆದರು.

"ತಡೀರಿ," ಎಂದರು ಹೆಂಡತಿ. "ನಿಮ್ಮ ಗಡಿಬಿಡ್ಯಾಗ ಆಲದ ಮರದ ತನಕ ಹೋಗಾಕ ಆಗಿಲ್ಲ. ಮುಂಜಾನಿಂದ ಉಪವಾಸ ಅದೀನಿ."

ಚೀಲದಿಂದ ನೂಲು ತೆಗೆದು ನನ್ನ ಗಿಡಕ್ಕೆ ಸುತ್ತಿ, ಕಣ್ಣು ಮುಚ್ಚಿ ಕೈಮುಗಿದರು. ಸಾಹೇಬರು ಉಬ್ಬಿಹೋದರು. ಎಲ್ಲರಿಗೂ ಕೇಳುವಂತೆ, "ಏಳು ಜನ್ಮಕ್ಕೂ ನನ್ನನ್ನ ಬೇಡಿದಿ ಹೌದಲ್ಲ?" ಎಂದರು.

"ಇಲ್ರಿ. ಗಿಡ ಸಣ್ಣದೈತಿ. ಪಾಪ, ಅಷ್ಟು ಭಾರ ಯಾಕ ಹೊರಸೋದು? ಇದೊಂದು ಜನ್ಮ ಸಾಕಂದೆ."

ಮಂಟಪವೆಲ್ಲ ನಕ್ಕಿತು. ನಾನೂ ನಕ್ಕೆ, ಅದೇ ನನ್ನ ತಪ್ಪು. ಬಹುಮಾನದ ಚೀಟಿ ಪಕ್ಕದ ಗುಲಾಬಿ ಕುಂಡಕ್ಕೆ ಹೋಯಿತು. ನನ್ನ ಗಿಡದ ಕಾರ್ಡಿನ ಮೇಲೆ ಸಾಹೇಬರು ಷರಾ ಬರೆದರು: "ಗಿಡ ಇನ್ನೂ ದೊಡ್ಡದಾಗಬೇಕು."