ಹದಿಮೂರನೆಯ ಕೋಣೆ ಕೋರಿ ಅನಂತಕ್ಕೆ

ಮಾನ್ಯ ಅನಂತ ಅವರೇ,

ಒಂದು ಕೂಡಿಸಿದರೆ ಉಬ್ಬದ, ಒಂದು ಕಳೆದರೆ ಸೊರಗದ ತಮ್ಮ ಘನ ಸನ್ನಿಧಿಗೆ, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ಲಿನ ಹನ್ನೆರಡನೆಯ ಕೋಣೆಯಲ್ಲಿ ಮೊನ್ನೆಯವರೆಗೂ ವಾಸವಾಗಿದ್ದವಳ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮಗೆ ಏನಾದರೂ ಆಗುವುದಾದರೂ ಹೇಗೆ?

ನಮ್ಮ ವಾರ್ಡನ್ ಮೇಡಂ ಕಳೆದ ಭಾನುವಾರ ಗಣಿತದ ಉಪನ್ಯಾಸವೊಂದನ್ನು ಕೇಳಿ ಬಂದರು. ಕೊನೆಯಿಲ್ಲದಷ್ಟು ಕೋಣೆಗಳಿರುವ ಹೋಟೆಲೊಂದು ಪೂರ್ತಿ ಭರ್ತಿಯಾಗಿದ್ದರೂ, ಪ್ರತಿಯೊಬ್ಬರೂ ಪಕ್ಕದ ಕೋಣೆಗೆ ಸರಿದರೆ ಮೊದಲನೆಯದು ಖಾಲಿಯಾಗಿ ಹೊಸಬರಿಗೆ ಸಿಗುತ್ತದೆಂದು ಅಲ್ಲಿ ಹೇಳಿದರಂತೆ. ಮೇಡಂ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡರು, 'ಕೊನೆಯಿಲ್ಲದಷ್ಟು' ಎಂಬುದೊಂದನ್ನು ಬಿಟ್ಟು. ಮರುದಿನ ಅವರ ನಾದಿನಿ ಪೆಟ್ಟಿಗೆ ಸಮೇತ ಬಂದಿಳಿದಾಗ ನಮ್ಮನ್ನೆಲ್ಲ ಕಾರಿಡಾರಿನಲ್ಲಿ ನಿಲ್ಲಿಸಿ, "ಒಂದೇ ಒಂದು ಬಾಗಿಲು ಮುಂದಕ್ಕೆ ಕಣ್ರಮ್ಮಾ, ಅಷ್ಟಕ್ಕೆಲ್ಲ ಯಾಕೆ ಮುಖ ಊದಿಸ್ಕೊಳ್ತೀರಾ?" ಎಂದರು. ಒಂದರ ನರ್ಸ್ ಎರಡಕ್ಕೆ ಹೋದರು, ಎರಡರ ಟೈಪಿಸ್ಟ್ ಮೂರಕ್ಕೆ. ಯಾರಿಗೂ ನಷ್ಟವಿಲ್ಲದ್ದರಿಂದ ಯಾರೂ ತಕರಾರು ಎತ್ತಲಿಲ್ಲ. ಎಲ್ಲರಿಗಿಂತ ಕೊನೆಗೆ ನಾನು, ಸುತ್ತಿದ ಹಾಸಿಗೆಯನ್ನೂ ಕವನ ಸಂಕಲನಗಳ ರಟ್ಟಿನ ಡಬ್ಬವನ್ನೂ ಅವುಚಿಕೊಂಡು ಮುಂದಿನ ಬಾಗಿಲು ತೆರೆದೆ. ಅದು ತಾರಸಿಯ ಮೆಟ್ಟಿಲು.

ತಮ್ಮ ವ್ಯವಸ್ಥೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ತಮ್ಮಲ್ಲಿ ಕೊನೆಯವರೆಂಬವರೇ ಇಲ್ಲದ್ದರಿಂದ ಎಲ್ಲರೂ ಸರಿದರೂ ಯಾರೂ ಹೊರಬೀಳುವುದಿಲ್ಲ. ನಮ್ಮದು ಹನ್ನೆರಡಕ್ಕೇ ಮುಗಿದುಹೋಗುವ ಸಂಸಾರ. ಉಳಿದವರೆಲ್ಲ ಇಷ್ಟಿಷ್ಟೇ ಸರಿದದ್ದು ಒಟ್ಟುಗೂಡಿ ಕೊನೆಯವಳ ತಲೆಯ ಮೇಲೆ ಬೀಳುತ್ತದೆ.

ದೂರು ಹೇಳಿದಾಗ ಮೇಡಂ ಬೇಸರಿಸಿಕೊಳ್ಳಲಿಲ್ಲ. ಯಾವ ಎರಡು ಸಂಖ್ಯೆಗಳ ನಡುವೆಯೂ ಮುಗಿಯದಷ್ಟು ಭಿನ್ನರಾಶಿಗಳಿವೆಯೆಂದು ತಿಳಿಸಿ, ನನಗೆ ಹನ್ನೊಂದೂವರೆಯನ್ನು ಮಂಜೂರು ಮಾಡಿದರು. ಹೋಗಿ ನೋಡಿದೆ. ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ಇರುವುದು ಒಂದು ಗೋಡೆ. ಗಟ್ಟಿಯಾದ ಗೋಡೆಯೇ, ಅದರ ಬಗ್ಗೆ ದೂರಿಲ್ಲ.

ತಮ್ಮ ಮನೆತನದಲ್ಲೂ ದೊಡ್ಡವರು ಚಿಕ್ಕವರು ಇದ್ದಾರೆಂದು ಕೇಳಿದ್ದೇನೆ. ಇರುವ ಭಿನ್ನರಾಶಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಆ ಹೋಟೆಲಿನಲ್ಲಿ ತಲೆಗೊಂದು ಕೋಣೆ ಕೊಡಬಹುದಂತೆ. ಆದರೆ ಮುಗಿಯದೆ ಹರಿಯುವ ದಶಮಾಂಶಗಳೆಲ್ಲ ಒಟ್ಟಿಗೆ ಬಂದರೆ ಅಲ್ಲೂ ಜಾಗ ಸಾಲದಂತೆ. ದಯವಿಟ್ಟು ಆ ದೊಡ್ಡ ಅನಂತದ ಸಮಸ್ತ ಬಂಧುಬಳಗವನ್ನು, ಕೈಗೊಂದು ಪೆಟ್ಟಿಗೆ ಕೊಟ್ಟು, ಒಮ್ಮೆ ನಮ್ಮ ಮೇಡಂ ಬಳಿಗೆ ಕಳುಹಿಸಿಕೊಡಿ. ಅದಾಗದಿದ್ದರೆ ಹನ್ನೆರಡರ ಮುಂದೆ ಒಂದೇ ಒಂದು ಕೋಣೆ ದಯಪಾಲಿಸಿ. ಕಿಟಕಿ ಚಿಕ್ಕದಿದ್ದರೂ ನಡೆದೀತು. ತಮ್ಮಲ್ಲಿ ಒಂದು ಕಡಿಮೆಯಾದರೆ ತಮಗೆ ತಿಳಿಯುವುದೂ ಇಲ್ಲ.

ಮೂರನೆಯ ಮೆಟ್ಟಿಲ ಮೇಲಿಂದ,
ತಮ್ಮ ವಿಶ್ವಾಸಿ,
ಕೊನೆಯವಳು

ತಾ.ಕ.: ಸೊನ್ನೆಯ ಹಿಂದೆಯೂ ಸಂಖ್ಯೆಗಳಿವೆಯೆಂಬುದು ಈಗಷ್ಟೇ ನೆನಪಾಯಿತು. ನಾಳೆ ಬೆಳಿಗ್ಗೆ ನಾವೆಲ್ಲ ಒಂದೊಂದು ಬಾಗಿಲು ಹಿಂದಕ್ಕೆ ಸರಿಯುವುದೆಂದು ನಿಶ್ಚಯಿಸಿದ್ದೇವೆ. ನಾನು ಹನ್ನೆರಡಕ್ಕೆ, ನರ್ಸ್ ಒಂದಕ್ಕೆ, ನಾದಿನಿಯವರು ಸೊನ್ನೆಗೆ, ಅಂದರೆ ಮೇಡಂ ಅವರ ಕೋಣೆಗೆ. ಮೇಡಂ ಮೈನಸ್ ಒಂದಕ್ಕೆ. ಅದು ಸೈಕಲ್ ಸ್ಟ್ಯಾಂಡ್. ಅಲ್ಲಿ ಇಕ್ಕಟ್ಟೆನಿಸಿದರೆ ಇನ್ನೂ ಹಿಂದಕ್ಕೆ ಸರಿಯಬಹುದು. ಆ ದಿಕ್ಕಿನಲ್ಲೂ ತಾವು ಧಾರಾಳವಾಗಿ ಜಾಗ ಬಿಟ್ಟಿದ್ದೀರಿ.