ಮೂರು ಕೆಜಿ ಎಲ್ಲಿಂದ ಬಂತು?

ಕೋಚ್: ದನಿ ಜೋರು ಮಾಡಬೇಡಿ ಅಮ್ಮಾ. ಎರಡು ತಿಂಗಳಲ್ಲಿ ಮೂರು ಕೆಜಿ ಏರಿದಾಳೆ. ತೋಳು ನೋಡಿ, ಭುಜ ನೋಡಿ. ಗಾಳಿ ಕುಡಿದು ಬಂದದ್ದಾ ಅದು?

ತಾಯಿ: ಬಂದ್ರೆ ಬಂತು. ನನ್ನ ಮಗಳು ಮೈಕೈ ತುಂಬ್ಕೊಂಡ್ರೆ ನಿಮಗ್ಯಾಕೆ ಹೊಟ್ಟೆಯುರಿ?

ಕೋಚ್: ಹೊಟ್ಟೆಯುರಿ ಅಲ್ಲ. ನಾಡಿದ್ದು ತಂಡದ ಆಯ್ಕೆಗೆ ಹೆಸರು ಕಳಿಸಬೇಕು. ಇದಕ್ಕೆ ಉತ್ತರ ಸಿಗದಿದ್ರೆ ಅವಳ ಹೆಸರು ಕಳಿಸಲ್ಲ.

ಬಾಕ್ಸಿಂಗ್ ಕ್ಲಬ್ಬಿನ ಆಫೀಸೆಂದರೆ ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲೊಂದು ತೂಕದ ಯಂತ್ರ. ಗೋಡೆಯ ಮೇಲೆ ಕೋಚ್ ಕೈಯಾರೆ ಬರೆದಂಟಿಸಿದ ಊಟದ ಪಟ್ಟಿ. ಪಾಲಿಸುವುದು ಹಾಗಿರಲಿ, ಅದನ್ನು ಓದಿದರೇ ಹಸಿವಾಗುತ್ತದೆ. ಫೋನು ಬಂದ ಕೂಡಲೇ ತಾಯಿ ಆಸ್ಪತ್ರೆಯಿಂದ ನರ್ಸಿನ ಸಮವಸ್ತ್ರದಲ್ಲೇ ಓಡಿ ಬಂದಿದ್ದಾಳೆ. ಆ ಬಿಳಿ ಸೀರೆ ನೋಡಿದ ಮೇಲಂತೂ ಕೋಚ್‌ನ ಅನುಮಾನ ಇನ್ನಷ್ಟು ಗಟ್ಟಿಯಾಗಿದೆ.

ಕೋಚ್: ನೇರವಾಗಿ ಕೇಳ್ತೀನಿ. ಮನೇಲಿ ಅವಳಿಗೆ ನನಗೆ ಗೊತ್ತಿಲ್ಲದ ಹಾಗೆ ಏನಾದ್ರೂ ಕೊಡ್ತಿದೀರಾ?

ತಾಯಿ (ತಲೆ ತಗ್ಗಿಸಿ): ಅವಳೇ ಹೇಳಿಬಿಟ್ಟಳಾ?

ಕೋಚ್: ಅಂದ್ರೆ ಕೊಡ್ತಿದೀರಿ.

ತಾಯಿ: ಬೆಳಿಗ್ಗೆ ಒಂದ್ಸಲ, ಸಂಜೆ ಪ್ರಾಕ್ಟೀಸಿಗೆ ಮುಂಚೆ ಒಂದ್ಸಲ. ಭಾನುವಾರ ಸ್ವಲ್ಪ ಜಾಸ್ತಿ.

ಕೋಚ್: ಭಾನುವಾರ ಜಾಸ್ತೀನಾ?

ತಾಯಿ: ರಜಾ ಅಲ್ವಾ. ನಂಗೂ ಪುರುಸೊತ್ತಿರುತ್ತೆ.

ಕೋಚ್ ಕುರ್ಚಿ ಎಳೆದುಕೊಂಡು ಕೂತ.

ಕೋಚ್: ನರ್ಸಾಗಿದ್ದುಕೊಂಡು, ಹೆತ್ತ ಮಗಳಿಗೆ... ಕೈ ನಡುಗಲಿಲ್ವಾ?

ತಾಯಿ: ಯಾಕೆ ನಡುಗಬೇಕು? ನಮ್ಮಮ್ಮ ನನ್ನನ್ನೂ ಇದನ್ನೇ ಕೊಟ್ಟು ಬೆಳೆಸಿದ್ದು.

ಕೋಚ್: ನಿಮ್ಮಮ್ಮನೂ ನರ್ಸಾ?

ತಾಯಿ: ಅಲ್ಲ, ಕೋಳಿ ಸಾಕಿದ್ರು.

ಕೋಚ್: ಕೋಳಿಗೂ ಸ್ಟೀರಾಯ್ಡಿಗೂ ಏನಮ್ಮಾ ಸಂಬಂಧ?

ಆ ಮಾತು ಕಿವಿಗೆ ಬಿದ್ದದ್ದೇ ತಡ, ತಗ್ಗಿದ್ದ ತಲೆ ಮೇಲೆದ್ದಿತು.

ತಾಯಿ: ಸ್ಟೀರಾಯ್ಡಾ? ನಾನು ಹೇಳ್ತಿರೋದು ಮೊಟ್ಟೆ ಸಾರ್. ಮೊಟ್ಟೆ, ಹಾಲು, ಹುರಿದ ಕಡಲೆಕಾಯಿ, ಭಾನುವಾರ ಮಾಂಸ. ನೀವು ರಾತ್ರಿ ಊಟಕ್ಕೆ ಅರ್ಧ ಸೌತೆಕಾಯಿ ಅಂತ ಬರೆದಿದೀರಿ. ಉಳಿದರ್ಧ ಯಾರಿಗೆ ಎತ್ತಿಟ್ಟಿದೀರಿ?

ಕೋಚ್: ಐವತ್ತೊಂದು ಕೆಜಿ ದಾಟಬಾರದು ಅಂತ ಹಾಗೆ ಬರೆದೆ. ಅದಿರಲಿ, ಅವಳ ದನಿ ಗಡುಸಾಗಿದೆಯಲ್ಲ, ಅದಕ್ಕೇನಂತೀರಿ?

ತಾಯಿ: ದಿನಾ ನನ್ನ ಜೊತೆ ಜಗಳ ಆಡ್ತಾಳಲ್ಲ, ಅದಕ್ಕೆ. ಸ್ಟೀರಾಯ್ಡ್ ಚುಚ್ಚಿಸಿಕೊಂಡು ಬಂದ ಹುಡುಗರನ್ನ ನಮ್ಮ ವಾರ್ಡಲ್ಲಿ ನೋಡಿದೀನಿ. ತೋಳು ಇಷ್ಟು ದಪ್ಪ, ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ಅಂಥದ್ದನ್ನ ನನ್ನ ಮಗಳಿಗೆ ಕೊಡ್ತೀನಾ? ಪರೀಕ್ಷೆ ಮಾಡಿಸಿ ಬೇಕಾದ್ರೆ. ಮೂತ್ರ ಹಿಡಿಯೋ ಬಾಟಲಿ ನಾನೇ ತಂದ್ಕೊಡ್ತೀನಿ.

ಕೋಚ್: ಮಾಡಿಸ್ತೀನಿ. ಬಾಟಲಿ ಮಾತ್ರ ನೀವು ತರೋದು ಬೇಡ. ಅವಳ ಹೊಡೆತಕ್ಕೆ ಹೆದರಿ ಕೇಳಿದ್ದಮ್ಮಾ. ಪ್ಯಾಡ್ ಹಿಡಿದು ನಿಂತ್ರೆ ನನ್ನ ಭುಜದ ಕೀಲೇ ಕಳಚಿ ಬರುತ್ತೆ.

ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತಾ ಮಗಳು ಒಳಗೆ ಬಂದಳು. ಬಾಗಿಲಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಯಾರೂ ಹೇಳದಿದ್ದರೂ ತೂಕದ ಯಂತ್ರ ಹತ್ತಿದಳು.

ಮಗಳು: ಐವತ್ತಮೂರೂಮುಕ್ಕಾಲು. ನಾನೇ ಅಮ್ಮನ ಹತ್ರ ಕೇಳಿ ತಿಂದಿದ್ದು ಸಾರ್. ಒಂದು ವರ್ಷ ನೀವು ಹೇಳಿದ್ದೇ ತಿಂದು ಆಡಿದೆ. ಮೂರನೇ ರೌಂಡಿಗೆ ಎದುರಾಳಿ ಇಬ್ಬರಾಗಿ ಕಾಣ್ತಿದ್ಲು. ಯಾರಿಗೆ ಹೊಡೀಬೇಕೋ ಗೊತ್ತಾಗ್ತಿರಲಿಲ್ಲ.

ಕೋಚ್ ಗೋಡೆಯ ಮೇಲಿನ ಪಟ್ಟಿಯತ್ತ ನೋಡಿದ.

ಕೋಚ್: ಇದನ್ನ ಮೊದಲೇ ಹೇಳಬಾರದಿತ್ತಾ ನೀನು? ಸರಿ, ತೂಕ ಇಳಿಸೋದು ಬೇಡ. ಹೊಟ್ಟೆ ತುಂಬಾ ತಿನ್ನು. ಐವತ್ತನಾಲ್ಕರ ವಿಭಾಗಕ್ಕೆ ಹೆಸರು ಕಳಿಸ್ತೀನಿ.

ತಾಯಿ: ಈಗ ದಾರಿಗೆ ಬಂದ್ರಿ ನೋಡಿ.

ಕೋಚ್: ಆ ವಿಭಾಗದಲ್ಲೊಬ್ಬಳಿದಾಳೆ, ಹೋದ ವರ್ಷ ಗೆದ್ದವಳು. ಇಬ್ಬರ ಮೂಗು ಮುರಿದಿದಾಳೆ.

ತಾಯಿಯ ಗೆದ್ದ ಮುಖ ಸಣ್ಣದಾಯಿತು. ಮಗಳ ಮೂಗನ್ನೇ ನೋಡುತ್ತ ನಿಂತಳು.

ತಾಯಿ: ಸಾರ್, ಆ ಮೂರು ಕೆಜಿ ಇಳಿಸೋಕೆ ಆಗೋದೇ ಇಲ್ವಾ? ನಾಲ್ಕು ದಿನ ಹಸ್ಕೊಂಡಿದ್ರೆ ಯಾರೂ ಸಾಯಲ್ಲ.

ಮಗಳು: ಅಮ್ಮಾ, ಏನು ಮಾತಾಡ್ತಿದೀಯ?

ತಾಯಿ: ನಂಗೆ ಭಯ ಆಗ್ತಿದೆ ಕಣೇ.

ಮಗಳು: ಹಸ್ಕೊಂಡು ಸೋತಿದ್ದು ಸಾಕಮ್ಮ. ಹೊಡೆಸಿಕೊಂಡ್ರೂ ತಿಂದೇ ಹೊಡೆಸಿಕೊಳ್ತೀನಿ. ಹೋಗ್ಲಿ ಬಿಡು.

ಕೋಚ್ ಪೆನ್ನು ಹಿಡಿದು ಕಾದ. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬರೀರಿ ಎಂಬಂತೆ ತಲೆಯಾಡಿಸಿದಳು. ಮಗಳ ಹೆಗಲು ಹಿಡಿದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತು ತಿರುಗಿ ನೋಡಿದಳು.

ತಾಯಿ: ಸಾರ್, ಆ ಮೂಗು ಮುರಿಯೋ ಹುಡುಗಿಗೆ ತಾಯಿ ಇದಾಳಾ?

ಕೋಚ್: ಇದಾರೆ. ಪ್ರತಿ ಪಂದ್ಯಕ್ಕೂ ಬರ್ತಾರೆ. ಯಾಕೆ?

ತಾಯಿ: ಏನು ತಿನ್ನಿಸ್ತಾಳೆ ಅಂತ ಸ್ವಲ್ಪ ವಿಚಾರಿಸಿ ಹೇಳಿ.