ಹತ್ತು ನಿಮಿಷಕ್ಕೊಮ್ಮೆ ‘ಹೊಸದೇನಾದ್ರೂ ಇದೆಯಾ?’

ನಗು ಬರುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ತೊಂದರೆ ಏನೆಂದರೆ, ಅವು ನಡೆಯುವ ಹೊತ್ತಿಗೆ ನಗುವವರು ಬೇರೆಯವರಾಗಿರುತ್ತಾರೆ. ನನ್ನ ಸರದಿ ಬರುವುದಕ್ಕೆ ಹತ್ತು ಹದಿನೈದು ವರ್ಷ ಬೇಕಾಗುತ್ತದೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಿಟಿಎಂ ಲೇಔಟಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಸಣ್ಣದು ಎಂದರೆ ಒಂಬತ್ತು ಜನ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಸುದ್ದಿಯ ವೆಬ್‌ಸೈಟುಗಳು ತಮ್ಮ ಹೊಸ ಬರಹಗಳ ಪಟ್ಟಿಯನ್ನು ಕಂಪ್ಯೂಟರುಗಳು ಓದಲೆಂದೇ ಬೇರೆ ಇಟ್ಟಿರುತ್ತವೆ. ಅದಕ್ಕೆ ಫೀಡ್ ಅಂತ ಹೆಸರು. ನಮ್ಮ ಪ್ರೋಗ್ರಾಂ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಫೀಡಿಗೂ ಹೋಗಿ, ‘ಹೊಸದೇನಾದ್ರೂ ಇದೆಯಾ?’ ಅಂತ ಕೇಳಿ, ಇದ್ದರೆ ತಂದು, ಬೇಕೆಂದವರ ಮೊಬೈಲಿಗೆ ಮೆಸೇಜ್ ಮಾಡುತ್ತಿತ್ತು. ಇದನ್ನೆಲ್ಲ ಜೋಡಿಸುವುದಕ್ಕೆ ಜಾವಾ ಭಾಷೆಯಲ್ಲಿ ಬರೆದ ಒಂದು ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್, ಪುಕ್ಕಟೆ ಸಿಗುತ್ತಿತ್ತು. ಎಲ್ಲಿಂದ ತರಬೇಕು, ಎಲ್ಲಿಗೆ ಕೊಡಬೇಕು ಅಂತ ಎರಡು ಸಾಲು ಬರೆದರೆ ಸಾಕು, ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ ಅಂದಿದ್ದರು. ಆ ಎರಡು ಸಾಲಿನ ಹಿಂದೆ ನಾನು ಮೂರು ವರ್ಷ ಕಳೆದೆ.

೧. ಒಂಬತ್ತು ಜನರ ಕೆಲಸ

ನಮ್ಮ ಬಿಲ್ಡಿಂಗಿನ ಓನರ್ ಅಲ್ಲೇ ಹಳೇ ಊರಿನವರು. ಬಿಲ್ಡಿಂಗ್ ಇರುವ ಜಾಗದಲ್ಲಿ ಹಿಂದೆ ಅವರೇ ರಾಗಿ ಬೆಳೆಯುತ್ತಿದ್ದರಂತೆ. ಈಗ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ನಿಲ್ಲಿಸಿ ಕೇಳಿದರು.

“ಮೇಲೆ ಏನಮ್ಮ ಮಾಡ್ತೀರಾ ನೀವೆಲ್ಲ? ಸದ್ದೇ ಇರಲ್ಲ.”

ಅಪ್ಪ ಅಮ್ಮನಿಗೇ ಅರ್ಥ ಮಾಡಿಸಲಾಗದ ವಿಷಯ. ಆದರೂ ಅವರು ಮನಸ್ಸಿಟ್ಟು ಕೇಳಿದ್ದಾರಲ್ಲ ಅಂತ ವಿವರವಾಗಿಯೇ ಹೇಳಿದೆ. ಹತ್ತು ನಿಮಿಷಕ್ಕೊಂದು ಸಲ ಎಲ್ಲರ ಹತ್ತಿರ ಹೋಗುತ್ತೆ ಅಂಕಲ್, ಏನಾದ್ರೂ ಹೊಸ ಸುದ್ದಿ ಇದೆಯಾ ಅಂತ ಕೇಳುತ್ತೆ, ಇದ್ರೆ ತಗೊಂಡು ಹೋಗಿ ಬೇರೆಯವರಿಗೆ ಹೇಳುತ್ತೆ.

ಅವರು ಮೂರನೇ ಮಹಡಿಯ ಕಡೆ ಒಮ್ಮೆ ಕತ್ತೆತ್ತಿ ನೋಡಿದರು.

“ಇದಕ್ಕೆ ಒಂಬತ್ತು ಜನ ಯಾಕಮ್ಮ? ನಮ್ಮೂರಲ್ಲಿ ನಮ್ಮ ಅತ್ತಿಗೆ ಒಬ್ಬಳೇ ಮಾಡ್ತಿದ್ಳು. ಮಧ್ಯಾಹ್ನ ಮಲಗೋಕೂ ಟೈಮ್ ಸಿಕ್ತಿತ್ತು ಅವಳಿಗೆ.”

೨. ಕೆಲಸ ಮಾಡುವಾಗ ಹೇಗಿರುತ್ತೆ

ಜೆ.ಪಿ. ನಗರದ ಒಬ್ಬ ಸೈಟ್ ವ್ಯಾಪಾರಿಗೆ ನಮ್ಮ ಪ್ರೋಗ್ರಾಂ ತೋರಿಸಬೇಕಿತ್ತು. ಎಲ್ಲಾದರೂ ಹೊಸ ರಸ್ತೆ, ಹೊಸ ಲೇಔಟ್ ಅಂತ ಸುದ್ದಿ ಬಂದರೆ ಅವರಿಗೆ ತಕ್ಷಣ ಗೊತ್ತಾಗಬೇಕು. ನಮ್ಮ ಮ್ಯಾನೇಜರ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಬಿಸ್ಕೆಟ್ಟು, ಕಾಫಿ ಎಲ್ಲ ಇಟ್ಟು ಗೋಡೆಯ ಮೇಲೆ ಪರದೆ ಬಿಟ್ಟೆವು.

ಆ ದಿನ ಬೆಂಗಳೂರಿನಲ್ಲಿ ಯಾವ ರಸ್ತೆಯೂ ಆಗಲಿಲ್ಲ, ಯಾವ ಲೇಔಟೂ ಏಳಲಿಲ್ಲ. ಪರದೆ ಖಾಲಿ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ನಲವತ್ತು ನಿಮಿಷ. ಮ್ಯಾನೇಜರ್ ನನ್ನ ಕಿವಿಯ ಹತ್ತಿರ ಬಗ್ಗಿ, “ಏನಾದ್ರೂ ಮಾಡಮ್ಮ” ಅಂದರು.

“ಹೊಸ ಸುದ್ದಿ ಇಲ್ಲ ಸಾರ್.”

“ಇಲ್ಲ ಅಂದ್ರೆ? ಪ್ರೋಗ್ರಾಮರ್ ಯಾರು, ನೀನಾ ನಾನಾ?”

ವ್ಯಾಪಾರಿ ಬಿಸ್ಕೆಟ್ ತಟ್ಟೆ ಖಾಲಿ ಮಾಡಿ ನನ್ನ ಕಡೆ ತಿರುಗಿದರು. “ಮೇಡಂ, ಇದು ಕೆಲ್ಸ ಮಾಡ್ತಾ ಇದೆಯಾ?”

“ಮಾಡ್ತಾ ಇದೆ ಸಾರ್.”

“ಕೆಲ್ಸ ಮಾಡುವಾಗ ಹೀಗಿರುತ್ತಾ?”

“ಹೊಸದೇನೂ ಇಲ್ಲ ಅಂದ್ರೆ ಹೀಗೇ ಇರುತ್ತೆ ಸಾರ್.”

“ಕೆಟ್ಟು ಹೋದಾಗ ಹೇಗಿರುತ್ತೆ?”

ಸುಳ್ಳು ಹೇಳಬಹುದಿತ್ತು. ಅಷ್ಟು ಬೇಗ ಹೊಳೆಯಲಿಲ್ಲ.

“ಆಗಲೂ ಹೀಗೇ ಇರುತ್ತೆ ಸಾರ್.”

ಆ ವರ್ಷ ನನ್ನ ಕೆಲಸದ ಬಗ್ಗೆ ಮ್ಯಾನೇಜರ್ ಬರೆದ ವರದಿಯಲ್ಲಿ ಒಂದೇ ಒಂದು ಸಾಲು ಇತ್ತು: ಗಿರಾಕಿಗಳ ಜೊತೆ ಮಾತಾಡಲು ಇವರನ್ನು ಬಿಡಬಾರದು.

೩. ಎರಡನೇ ಸಲ

ಪದ್ಮನಾಭನಗರದ ಒಂದು ನಿವೃತ್ತ ನೌಕರರ ಸಂಘ ನಮ್ಮ ಗಿರಾಕಿ. ಸಂಘದ ವೆಬ್‌ಸೈಟಿನಲ್ಲಿ ಏನೇ ಹಾಕಿದರೂ ಸದಸ್ಯರ ಮೊಬೈಲಿಗೆ ಹೋಗಬೇಕು. ಅವರ ಸುದ್ದಿ ಅಂದರೆ ತಿಂಗಳ ಸಭೆ, ಸಕ್ಕರೆ ಕಾಯಿಲೆ ತಪಾಸಣೆ, ಯಾರಾದರೂ ತೀರಿಕೊಂಡ ವಿಷಯ.

ಯಾವ ಸುದ್ದಿಯನ್ನು ಆಗಲೇ ಕಳಿಸಿಯಾಗಿದೆ ಅಂತ ನಮ್ಮ ಫ್ರೇಮ್‌ವರ್ಕ್ ನೆನಪಿಟ್ಟುಕೊಳ್ಳುತ್ತಿತ್ತು. ಆದರೆ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆದರೆ ಎಲ್ಲ ಮರೆತುಬಿಡುತ್ತಿತ್ತು. ಅದನ್ನು ಡಿಸ್ಕಿನಲ್ಲಿ ಬರೆದಿಡೋಣ ಅಂತ ನಾನು ಹೇಳಿದ್ದೆ. ಆಮೇಲೆ ನೋಡೋಣ ಅಂದಿದ್ದರು ಮ್ಯಾನೇಜರ್. ಒಂದು ಮಧ್ಯಾಹ್ನ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಕರೆಂಟು ಬಂದಾಗ ನಮ್ಮ ಪ್ರೋಗ್ರಾಂ ಈಗತಾನೇ ಹುಟ್ಟಿದ ಹಾಗೆ ಎದ್ದು, ಹಳೆಯದನ್ನೆಲ್ಲ ಹೊಸದೆಂದುಕೊಂಡು ಮತ್ತೊಮ್ಮೆ ಕಳಿಸಿತು. ಅದರಲ್ಲಿ ಒಂದೂವರೆ ತಿಂಗಳ ಹಿಂದೆ ತೀರಿಕೊಂಡ ಒಬ್ಬ ಸದಸ್ಯರ ಸುದ್ದಿಯೂ ಇತ್ತು.

ಮಾರನೆಯ ದಿನ ಸಂಘದ ಕಾರ್ಯದರ್ಶಿಗಳ ಫೋನು ಬಂತು. ನಾನೇ ಎತ್ತಿಕೊಂಡೆ.

“ಅಮ್ಮಾ, ನಿನ್ನೆ ಸಂಜೆ ಅವರ ಮನೆ ಮುಂದೆ ನಲವತ್ತು ಜನ ಸೇರಿದ್ರು. ಕೈಯಲ್ಲಿ ಹಾರ. ಅವರ ಹೆಂಡತಿ ಬಾಗಿಲು ತೆಗೆದು ಗಾಬರಿ ಆಗಿಬಿಟ್ರು.”

ನಾನು ಕ್ಷಮೆ ಕೇಳಿದೆ. ಮೊದಲ ಸಲದ ಮೆಸೇಜ್ ತಲುಪಿದವರೂ ಮತ್ತೆ ಬಂದಿದ್ದರಾ ಅಂತ ವಿಚಾರಿಸಿದೆ.

“ಅದನ್ನೇ ಹೇಳೋಕೆ ಫೋನ್ ಮಾಡಿದ್ದು. ಮೊದಲ ಸಲ ಯಾರಿಗೂ ತಲುಪೇ ಇಲ್ವಂತೆ. ಆವತ್ತು ಬಂದಿದ್ದು ಆರೇ ಜನ. ಸಂಘದವರು ಇಷ್ಟೇನಾ ಅಂತ ಆ ತಾಯಿ ಅಷ್ಟು ದಿನದಿಂದ ನಮ್ಮ ಮೇಲೆ ಸಿಟ್ಟಲ್ಲಿದ್ರು.”

“ಈಗ ಏನಂದ್ರು ಸಾರ್?”

“ಎಲ್ಲರಿಗೂ ಕಾಫಿ ಮಾಡಿಕೊಟ್ರು. ಆಮೇಲೆ ಗಂಡನ ಫೋಟೋ ಕಡೆ ನೋಡ್ಕೊಂಡು, ‘ನೋಡಿ, ನಾಲ್ಕು ಜನ ಬರಬೇಕು ಅಂದ್ರೆ ಇವರು ಎರಡು ಸಲ ಸಾಯಬೇಕಾಯ್ತು’ ಅಂದ್ರು.”

೪. ನಮ್ಮದೇ ಸುದ್ದಿ

ನನ್ನ ಪಕ್ಕದ ಮೇಜಿನವನು ಗದಗದ ಕಡೆಯವನು. ಬಿಟಿಎಂನಲ್ಲೇ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡಿದ್ದ. ಮ್ಯಾನೇಜರ್ ಅವನಿಗೊಂದು ಕೆಲಸ ಕೊಟ್ಟಿದ್ದರು: ಯಾವುದೇ ಪತ್ರಿಕೆಯಲ್ಲಿ ನಮ್ಮ ಕಂಪನಿಯ ಹೆಸರು ಬಂದರೆ, ಆ ಸುದ್ದಿ ಆಫೀಸಿನ ಹಾಲ್‌ನಲ್ಲಿದ್ದ ದೊಡ್ಡ ಪರದೆಯ ಮೇಲೆ ತಾನಾಗಿ ಬರಬೇಕು. ಯಾರಾದರೂ ಹೊಗಳಿದರೆ ಎಲ್ಲರೂ ನೋಡಲಿ ಅಂತ. ಎರಡು ವರ್ಷ ಯಾರೂ ಹೊಗಳಲಿಲ್ಲ, ತೆಗಳಲೂ ಇಲ್ಲ. ಪರದೆಯ ಮೇಲೆ ಗಡಿಯಾರ ಮಾತ್ರ ಓಡುತ್ತಿತ್ತು.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಮೇಲೆ ನಮ್ಮ ಹೆಸರು ಬಂತು. ಎಲ್ಲರೂ ಎದ್ದು ನಿಂತು ಓದಿದೆವು. ನಮ್ಮ ಕಂಪನಿಯನ್ನು ಬೇರೊಂದು ಕಂಪನಿ ಕೊಂಡುಕೊಂಡಿದೆ, ಬೆಂಗಳೂರಿನ ಆಫೀಸು ಮುಚ್ಚುತ್ತಾರೆ ಅಂತ ಇತ್ತು. ನಮ್ಮ ಮಾಲೀಕರು ಆಗ ವಿದೇಶದಲ್ಲಿದ್ದರು. ನಮಗೆ ಯಾರೂ ಏನೂ ಹೇಳಿರಲಿಲ್ಲ.

ಮ್ಯಾನೇಜರ್ ತಮ್ಮ ರೂಮಿನಿಂದ ಬಂದು ಹಿಂದೆ ನಿಂತು ಓದಿದರು. ಅವರ ಮುಖ ನೋಡಿದಾಗ ಅವರಿಗೂ ಗೊತ್ತಿರಲಿಲ್ಲ ಅಂತ ತಿಳಿಯಿತು. ಅವರ ಬಗ್ಗೆ ನನಗೆ ಪಾಪ ಅನ್ನಿಸಿದ್ದು ಆ ಮೂರು ವರ್ಷದಲ್ಲಿ ಅದೊಂದೇ ಸಲ.

“ಏನೋ ತಪ್ಪಾಗಿರಬೇಕು. ನೀವು ಹಾಕಿರೋ ಪ್ರೋಗ್ರಾಂ ಸರಿಯಾಗಿ ನೋಡ್ರಪ್ಪ” ಅಂದರು.

ಗದಗದವನು ಕುರ್ಚಿಯಲ್ಲಿ ಕೂತು, ನಿಧಾನವಾಗಿ ಎಲ್ಲ ಪರೀಕ್ಷೆ ಮಾಡಿ ಹೇಳಿದ. “ಇಲ್ರೀ ಸರ್, ಇವತ್ತೊಂದು ದಿನ ಭಾಳ ಛಲೋ ಕೆಲಸ ಮಾಡೇತ್ರಿ.”

೫. ಓದುಗರು

ಇದು ಕಂಪನಿ ಮುಚ್ಚುವುದಕ್ಕೂ ಒಂದು ವರ್ಷ ಮೊದಲಿನದು. ಎಲ್ಲರೂ ನಗುವುದು ಇದಕ್ಕೇ, ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೇನೆ.

ಒಬ್ಬ ಗಿರಾಕಿಗೆ ನಮ್ಮ ಕಡೆಯ ಬಡಾವಣೆಗಳ ಸುದ್ದಿ ಬೇಕಿತ್ತು. ಹುಡುಕಿದಾಗ ಬನಶಂಕರಿಯ ಒಬ್ಬರು ನಡೆಸುವ ಚಿಕ್ಕ ವೆಬ್‌ಸೈಟು ಸಿಕ್ಕಿತು. ಒಂದು ಶುಕ್ರವಾರ ಸಂಜೆ ಮನೆಗೆ ಹೊರಡುವ ಅವಸರದಲ್ಲಿ ಅದನ್ನೂ ಪಟ್ಟಿಗೆ ಸೇರಿಸಿದೆ. ಇದನ್ನು ನಿಮಿಷಕ್ಕೊಮ್ಮೆ ನೋಡಬೇಕು ಅಂದಿದ್ದರು ಮ್ಯಾನೇಜರ್. ಅರವತ್ತು ಅಂತ ಬರೆದೆ. ಅರವತ್ತು ಸೆಕೆಂಡ್ ಅಂತ ನನ್ನ ಲೆಕ್ಕ. ಆ ಫ್ರೇಮ್‌ವರ್ಕ್ ಎಣಿಸುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ. ಹೀಗಾಗಿ ನಮ್ಮ ಪ್ರೋಗ್ರಾಂ ಆ ವೆಬ್‌ಸೈಟಿಗೆ ಹೋಗಿ ಕೇಳಿ, ಉತ್ತರ ಬಂದ ಕೂಡಲೇ ತಿರುಗಿ ಹೋಗಿ ಮತ್ತೆ ಕೇಳತೊಡಗಿತು. ಶನಿವಾರ ಭಾನುವಾರ ನಮಗೆ ರಜ. ಅದಕ್ಕೆ ರಜ ಇಲ್ಲ.

ಮಂಗಳವಾರ ಒಬ್ಬ ಹಿರಿಯರು ಮೂರು ಮಹಡಿ ಹತ್ತಿ ಬಂದರು. ತೋಳಿಗೆ ಬಟ್ಟೆ ಚೀಲ, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಉಸಿರು ಸುಧಾರಿಸಿಕೊಂಡು ಹೇಳಿದರು.

“ನಾನೊಂದು ವೆಬ್‌ಸೈಟ್ ನಡೆಸ್ತೀನಿ. ಯಡಿಯೂರು ಕೆರೆಗೆ ಬರೋ ಹಕ್ಕಿಗಳು, ನಮ್ಮ ರಸ್ತೆಗಳ ಮರ, ಇಂಥದ್ದು ಬರೀತೀನಿ. ದಿನಕ್ಕೆ ಮೂವತ್ತು ನಲವತ್ತು ಜನ ನೋಡೋರು. ಈ ಶನಿವಾರ ಭಾನುವಾರ ಎರಡೇ ದಿನದಲ್ಲಿ ನಾಲ್ಕು ಲಕ್ಷ. ಜಾಸ್ತಿ ಜನ ಬಂದ್ರು ಅಂತ, ವೆಬ್‌ಸೈಟಿಗೆ ಬಾಡಿಗೆಗೆ ಜಾಗ ಕೊಟ್ಟ ಕಂಪನಿಯವರು ನಿನ್ನೆ ಅದನ್ನ ಮುಚ್ಚಿಬಿಟ್ಟಿದಾರೆ. ಯಾರು ಸ್ವಾಮಿ ಬಂದಿದ್ದು ಅಂತ ಕೇಳಿದೆ. ನಿಮ್ಮ ಆಫೀಸಿನ ಹೆಸರು ಕೊಟ್ರು. ಓದಿದವರನ್ನ ಒಂದ್ಸಲ ನೋಡೋಣ ಅಂತ ಬಂದೆ.”

ನಮ್ಮ ಪ್ರೋಗ್ರಾಂ ಹೋದಲ್ಲೆಲ್ಲ ಕಂಪನಿಯ ಹೆಸರು ಹೇಳಿಕೊಂಡೇ ಒಳಗೆ ಹೋಗುತ್ತಿತ್ತು. ಗಾಜಿನ ರೂಮಿನೊಳಗಿಂದ ಮ್ಯಾನೇಜರ್ ನನ್ನನ್ನು ನೋಡಿ, ಬಾಯಿ ಬಿಡಬೇಡ ಅಂತ ತಲೆ ಅಲ್ಲಾಡಿಸಿದರು. ಗದಗದವನು ನನ್ನ ಕಡೆ ಕೈ ತೋರಿಸಿ, “ಇವರ ರೀ ಅವರು” ಅಂದುಬಿಟ್ಟ.

ಹಿರಿಯರು ನನ್ನ ಎದುರು ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು. ಮೊದಲ ಸಲ ಓದುಗರೊಬ್ಬರನ್ನು ಹತ್ತಿರದಿಂದ ನೋಡುವವರ ಹಾಗೆ ನನ್ನನ್ನು ನೋಡಿದರು.

“ಯಾವ ಬರಹ ಇಷ್ಟ ಆಯ್ತಮ್ಮ?”

“ಎಲ್ಲಾನೂ ಸಾರ್.”

ಅವರು ನಕ್ಕರು. “ಮೂವತ್ತು ವರ್ಷ ಮೇಷ್ಟ್ರಾಗಿದ್ದೆ ಕಣಮ್ಮ. ಪಾಠ ಓದದೆ ಬಂದವರೆಲ್ಲ ಇದೇ ಉತ್ತರ ಕೊಡೋರು.”

ಆಮೇಲೆ ಮುಚ್ಚಿಡುವುದು ಆಗಲಿಲ್ಲ. ಅರವತ್ತರ ಕಥೆ ಹೇಳಿದೆ. ಬಂದಿದ್ದು ಮನುಷ್ಯರಲ್ಲ, ಒಂದು ಪ್ರೋಗ್ರಾಂ, ಅದೂ ನನ್ನ ತಪ್ಪಿನಿಂದ ಅಂದೆ. ಮೇಷ್ಟ್ರು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

“ಅಂದ್ರೆ ನಾಲ್ಕು ಲಕ್ಷ ಸಲ ಬಂದು, ಒಂದು ಸಲಾನೂ ಓದಲಿಲ್ಲ.”

“ಇಲ್ಲ ಸಾರ್. ಹೊಸದಿದೆಯಾ ಅಂತ ಕೇಳುತ್ತೆ, ಇಲ್ಲ ಅಂದ್ರೆ ಹೋಗುತ್ತೆ.”

ಅವರ ವೆಬ್‌ಸೈಟನ್ನು ಮತ್ತೆ ತೆರೆಸಲು ತಪ್ಪು ನಮ್ಮದೇ ಅಂತ ಒಂದು ಪತ್ರ ಬರೆದುಕೊಟ್ಟೆ. ಮ್ಯಾನೇಜರನ್ನು ಕೇಳಲಿಲ್ಲ, ನನ್ನ ಸಹಿಯನ್ನೇ ಹಾಕಿದೆ. ಅವರು ಅದನ್ನು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿಸಿ, ಮಡಿಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಡಬ್ಬಿ ಬಿಚ್ಚಿ ಒಂಬತ್ತು ಜನಕ್ಕೂ ತಾವೇ ಹಂಚಿದರು. ನನ್ನ ಹತ್ತಿರ ಕೊನೆಗೆ ಬಂದರು.

“ಕೆರೆ ಹತ್ರ ವಾಕಿಂಗಿಗೆ ಬರೋರಿಗೆಲ್ಲ ನಾಲ್ಕು ಲಕ್ಷ ಅಂತ ಹೇಳಿಬಿಟ್ಟಿದೀನಮ್ಮ. ಯಾವತ್ತಾದ್ರೂ ನೀನು ಆ ಕಡೆ ಬಂದಾಗ ಅವರಲ್ಲಿ ಯಾರಾದ್ರೂ ಕೇಳಿದ್ರೆ, ಓದಿದೀನಿ ಅನ್ನು. ಯಾವುದು ಇಷ್ಟ ಆಯ್ತು ಅಂದ್ರೆ ಮಾತ್ರ, ಎಲ್ಲಾನೂ ಅನ್ನಬೇಡ.”